ಸರಸ ಪರದೆಯ ಹಿಂದೆ ಹಾಡಿದ್ದು

೯ ಜುಲೈ ೧೯೬೩, ಬಂಟ್ವಾಳ

ಎರಡು ಬ್ಲೌಸ್, ಒಂದು ಪೊಲೀಸ್ ಚಡ್ಡಿ. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಉಮ್ಮರ್ ಇವತ್ತೂ ಅಂಗಡಿಯೆದುರು ಫುಟ್‌ಬೋರ್ಡಿನಲ್ಲಿ ನೇತಾಡುತ್ತ ಹಾಡಿದ: "ಬರುವೆನೆಂದವನೇ, ಸೀಟು ಇಲ್ಲ ಮಾರಾಯಾ!" ಬಸ್ಸಿಡೀ ನಕ್ಕಿತು. ನಾನೂ ನಕ್ಕೆ. ಹಾಡು ಕಟ್ಟಿದವನು ಈ ಟೈಲರ್ ಎಂದು ಅವನಿಗೆ ಗೊತ್ತಿಲ್ಲ.

"ಬರುವೆನೆಂದವನೇ, ದೀಪ ಸಣ್ಣಗಿದೆ"... ನಲವತ್ತೊಂಬತ್ತರ ನಾಟಕಕ್ಕೆ ಬರೆದದ್ದು. ರಂಗದ ಮೇಲೆ ಸೀರೆಯುಟ್ಟ ಅಣ್ಣು ಬರೇ ಬಾಯಿ ಆಡಿಸಿದ. ಹಾಡಿದ್ದು ಪರದೆಯ ಹಿಂದೆ ನಿಂತ ಸರಸ. ಪಕ್ಕದಲ್ಲಿ ನಾನು, ಹಾರ್ಮೋನಿಯಂ ಪೆಟ್ಟಿಗೆ. ಆಮೇಲೆ ಮದ್ರಾಸಿನಲ್ಲಿ ಯಾರೋ ಹುಡುಗಿ ಹಾಡಿ ಗ್ರಾಮಫೋನ್ ಪ್ಲೇಟು ಬಂತು. ಮೂಡುಬಿದಿರೆಯ ಬ್ಯಾಂಡಿನವರು ಮದುವೆಗಳಲ್ಲಿ ಊದಿದರು. ಓಟಿನ ಜೀಪುಗಳಲ್ಲಿ ಎರಡೂ ಪಕ್ಷದವರು...

ಸರಸ ಇದ್ಯಾವುದನ್ನೂ ಕೇಳಲಿಲ್ಲ. ಐವತ್ತನೇ ಇಸವಿಯಲ್ಲೇ ಟೈಫಾಯಿಡ್ ಬಂದು ಹೋದಳು. ಆಗ ಅವಳಿಗೆ ಹತ್ತೊಂಬತ್ತು ವರ್ಷ.

೨೧ ಜುಲೈ, ಸಂಜೆ

ಸರಸಳ ತಾಯಿ ಕಾವೇರಮ್ಮ ಬೆಳ್ತಂಗಡಿಯಿಂದ ಬಂದಿದ್ದರು. ಕಿರಿಯವಳು ಲೋಲಾಕ್ಷಿಗೆ ಮೂರು ಸಂಬಂಧ ತಪ್ಪಿತಂತೆ. ತೀರಿಹೋದ ಅಕ್ಕ ಮದುವೆ ಕೇಳುತ್ತಿದ್ದಾಳೆ ಎಂದು ಜೋಯಿಸರು ಹೇಳಿದ್ದಾರೆ. ಅದಕ್ಕೆ ಈ ಆಟಿ ತಿಂಗಳಲ್ಲಿ ಕುಲೆ ಮದುವೆ, ಪ್ರೇತಗಳ ಮದುವೆ. ಸತ್ತವಳಿಗೆ ಸತ್ತ ಗಂಡು. ಮಿಜಾರಿನವನಂತೆ.

"ಧಾರೆಯ ಹೊತ್ತಿಗೆ ಅವಳ ಹಾಡು ನೀವು ಹಾಡ್ಬೇಕು ಮಾಸ್ಟ್ರೇ. ಅವಳು ಹಾಡಿದ ಹಾಗೇ. ಅದು ಕೇಳದಿದ್ರೆ ಅವಳು ಮಣೆಗೆ ಬರ್ಲಿಕ್ಕಿಲ್ಲ."

"ಹಾಡ್ತೇನೆ" ಅಂದೆ.

ಹದಿಮೂರು ವರ್ಷದ ಹಿಂದೆ ಇವರ ಅಂಗಳಕ್ಕೆ ಮಗಳನ್ನು ಕೇಳಲಿಕ್ಕೆಂದೇ ಹೋಗಿದ್ದೆ. ಮಳೆ, ಗದ್ದೆ ಅಂತೆಲ್ಲ ಮಾತಾಡಿ ಎದ್ದು ಬಂದೆ.

೨೨ ಜುಲೈ

ಎರಡನೇ ಚರಣ ನೆನಪಿಲ್ಲ.

೨೭ ಜುಲೈ

ಕಣ್ಣು ಮುಚ್ಚಿದರೆ ಪ್ಲೇಟಿನ ಹುಡುಗಿಯ ಸ್ವರ. ಅವಳನ್ನು ದಾಟಿದರೆ ಉಮ್ಮರ್. ಅವನನ್ನೂ ದಾಟಿದರೆ ಜೀಪು. ಪರದೆಯ ಹಿಂದೆ ಯಾರೂ ಇಲ್ಲ. ಸರಸ ಹೇಗೆ ಹಾಡಿದ್ದಳೆಂದು ಅಣ್ಣುವನ್ನು ಕೇಳಿದೆ.

"ನಾನು ಬಾಯಿ ಮಾತ್ರ ಆಡಿಸಿದ್ದಲ್ವಾ ಮಾರಾಯ! ಅದಕ್ಕೂ ಮೂರು ಮೆಡಲು ಸಿಕ್ಕಿತು."

೩೦ ಜುಲೈ

ಮದುಮಗಳ ಕುಪ್ಪಸ ಹೊಲಿದೆ. ಅಳತೆ ಕೇಳಬೇಕಾಗಲಿಲ್ಲ.

೪ ಆಗಸ್ಟ್, ಮಧ್ಯಾಹ್ನ ಮೂರು, ಬೆಳ್ತಂಗಡಿ ಬಸ್‌ಸ್ಟ್ಯಾಂಡ್

ಮದುವೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೇನೆ. ಕಾವೇರಮ್ಮನ ಅಂಗಳದಲ್ಲಿ ಒಂದು ಮಣೆಯ ಮೇಲೆ ಸೀರೆ, ಕುಪ್ಪಸ, ಬಳೆ. ಪಕ್ಕದ ಮಣೆಯಲ್ಲಿ ಪಂಚೆ, ಶಾಲು. ಧಾರೆ ಎರೆದರು. ಎಲ್ಲರೂ ನನ್ನ ಮುಖ ನೋಡಿದರು. ಬಾಯಿ ತೆರೆದೆ—

"ಬರುವೆನೆಂದವನೇ, ಸೀಟು ಇಲ್ಲ..."

ನಿಂತುಬಿಟ್ಟೆ. ಯಾರೋ ಒಬ್ಬಳು ಸೆರಗು ಬಾಯಿಗೆ ಅದುಮಿಕೊಂಡಳು. ಆಗ ಮಣೆಯ ಹಿಂದಿನಿಂದ ಲೋಲಾಕ್ಷಿ ಎತ್ತಿಕೊಂಡಳು. ಸರಸಳದೇ ಎಳೆತ. ಸಾಲಿನ ನಡುವೆ ಉಸಿರು ತೆಗೆಯುವುದೂ ಅದೇ ಕಡೆ.

"ಬರುವೆನೆಂದವನೇ, ಪೆಟ್ಟಿಗೆ ಮುಚ್ಚೋ,
ಒಂದು ಸಲವಾದರೂ ಬಾಯಿ ಬಿಚ್ಚೋ..."

ಹೆಂಗಸರು ನಕ್ಕರು. ಕಾವೇರಮ್ಮ ಅಳುತ್ತಲೇ ನಕ್ಕರು.

"ಇದು ನಾನು ಬರೆದದ್ದಲ್ಲ" ಅಂದೆ.

"ಅಕ್ಕ ಕಟ್ಟಿದ್ದು. ಭತ್ತ ಕುಟ್ಟುವಾಗ ದಿನಾ ಹಾಡ್ತಿದ್ಳು. ಹಾರ್ಮೋನಿಯಂನವರಿಗೆ ಹೇಳ್ಬೇಡ ಅಂತ ನನ್ನಿಂದ ಆಣೆ ಹಾಕಿಸಿದ್ಳು. ಇವತ್ತು ಅವಳ ಮದುವೆ ಆಯ್ತಲ್ಲ... ಇನ್ನು ಹೇಳಿದ್ರೆ ಏನುಂಟು?"

೫ ಆಗಸ್ಟ್

ಮೆಷಿನ್ ತುಳಿದರೆ ಅದೇ ತಾಳ. ಈಗ ಅವಳದೇ ಸ್ವರ. ಉಮ್ಮರ್ ಇಲ್ಲ, ಜೀಪು ಇಲ್ಲ. ಇಷ್ಟು ವರ್ಷ ಬಾರದವಳು, ಮಿಜಾರಿನವನ ಹೆಂಡತಿಯಾದ ಮೇಲೆ...

ಗಿರಾಕಿಗಳಿಲ್ಲ. ಬಾಗಿಲು ಓರೆ ಮಾಡಿದೆ. ಗಟ್ಟಿಯಾಗಿಯೇ ಹೇಳಿದೆ— ಸರಸಾ, ನಾನು ಅವತ್ತು ನಿಮ್ಮ ಅಂಗಳಕ್ಕೆ ಬಂದದ್ದು ನಿನ್ನನ್ನು ಕೇಳಲಿಕ್ಕೆ.