ಮೂವರಲ್ಲಿ ಇಬ್ಬರು

ಸೋಮವಾರ, 4. ಸಂಜೆ 5

ಗುರುತು ಕಚೇರಿಯ ಕೌಂಟರಿನಲ್ಲಿ ಉಸಿರಾಡಲೂ ಬಿಡುವಿಲ್ಲ. ಮೊಬೈಲ್ ಕಳೆದುಕೊಂಡ ಮೇಷ್ಟ್ರೊಬ್ಬರು — "ನನ್ನ ಗುರುತಿನ ನಕಲು ನಿಮ್ಮ ಹತ್ರಾನೂ ಇಲ್ವಾ?" ಇಲ್ಲ ಸಾರ್. ಯಾರ ಹತ್ತಿರವೂ ಇಲ್ಲ. ನಿಮ್ಮ ಗುರುತು ನಿಮ್ಮ ಫೋನಿನಲ್ಲೇ. ಬ್ಯಾಂಕು, ಅಂಗಡಿ, ಯಾರೇ ಕೇಳಿದರೂ ಅವರಿಗೆ ಹೌದು, ಅಲ್ಲ — ಅಷ್ಟೇ ಕಾಣುವುದು. ಫೋನು ಕಳೆದರೆ, ನೀವೇ ಆರಿಸಿದ ಮೂವರಲ್ಲಿ ಇಬ್ಬರು "ಇವರೇ" ಎಂದು ಒತ್ತಬೇಕು. ಹೊಸ ಫೋನಿಗೆ ಬರುತ್ತದೆ, ಹಳೆಯದರಲ್ಲಿ ಅಳಿಯುತ್ತದೆ. ಗಿಣಿಪಾಠ.

ಮಧ್ಯಾಹ್ನ ಅಂಥದೇ ಕೋರಿಕೆ ನನ್ನ ಫೋನಿಗೇ ಬಂತು. ಅಕ್ಕನ ಗುರುತು ಹೊಸ ಫೋನಿಗೆ ಹೋಗಲು ಒಪ್ಪಿಗೆ ಬೇಕಂತೆ.

ಅಕ್ಕ ಒಡೆದ ತುಟಿಯಲ್ಲಿ ಗಂಡನ ಮನೆ ಬಿಟ್ಟು ಎಂಟು ತಿಂಗಳು. ಎಲ್ಲಿದ್ದಾಳೋ... ಇದ್ದಾಳೋ. ಅವಳ ಮೂವರು: ನಾನು, ಅಮ್ಮ, ಭಾವ. ಮದುವೆಯ ವರ್ಷ ಆ ಹೆಸರು ತುಂಬಿಸಿದ್ದು ನಾನೇ.

ಕೇಳುತ್ತಿರುವುದು ಅಕ್ಕನೋ, ಭಾವನೋ?

ಮಂಗಳವಾರ, 5

ನಮ್ಮ ಇಂಜಿನಿಯರನ್ನು ಕೇಳಿದೆ. "ಯಾರ ಫೋನು, ಯಾವ ಊರು, ಒಂದೂ ಕಾಣಲ್ಲ ಮೇಡಂ. ಕಾಣಬಾರದು ಅಂತ್ಲೇ ಕಟ್ಟಿರೋದು." ಹೆಮ್ಮೆಯಿಂದ ಹೇಳಿದ.

ಭಾವ ಬಂದಿದ್ದರು. ಕುರ್ಚಿ ಎಳೆದುಕೊಂಡು, ಮೆತ್ತಗೆ — "ನಾನು ಒತ್ತಿ ಆಯ್ತು. ಇನ್ನೊಂದು ಸಾಕು. ಎಲ್ಲಿ ಪರದಾಡ್ತಿದಾಳೋ ಏನೋ... ನಿನಗೆ ಅಕ್ಕ ಬೇಡ್ವಾ?" ಅಳುತ್ತಿದ್ದರು. ನಿಜವಾದ ಕಣ್ಣೀರು. ಅದನ್ನು ನೋಡಿಯೇ ಹೆದರಿದೆ.

ಒತ್ತಲಿಲ್ಲ. ಅಮ್ಮನಿಗೂ ಹೇಳಿದೆ — ಅಕ್ಕನ ಧ್ವನಿ ಕೇಳದೆ ಒತ್ತಬೇಡ. "ಆಯ್ತು ಕಣೇ" ಎಂದಳು.

ಶುಕ್ರವಾರ, 8

ಕೇಳುತ್ತಿರುವುದು ಅವಳೇ ಆಗಿದ್ದರೆ? ಗುರುತಿಲ್ಲದೆ ಎಲ್ಲ ಕಡೆ ಅದೇ ಉತ್ತರ. ಔಷಧಿ ಅಂಗಡಿಯಲ್ಲಿ "ಅಲ್ಲ". ಬ್ಯಾಂಕಿನಲ್ಲಿ "ಅಲ್ಲ".

ಬುಧವಾರ, 13

ಆಫೀಸಿನ ಫೋನಿಗೆ ಅಕ್ಕ! "ಪುಟ್ಟಿ, ಮೊಬೈಲ್ ನನ್ನ ಕೈಲೇ ಇದೆ ಕಣೇ. ಆದ್ರೆ ನಿನ್ನೆಯಿಂದ ಅದರಲ್ಲಿ ನಾನೇ ಇಲ್ಲ."

ಕಳೆದೇ ಇರಲಿಲ್ಲ. ಕೇಳಿದ್ದು ಅವಳಲ್ಲ.

ಬಾಡಿಗೆ ಕರಾರು, ಆಸ್ಪತ್ರೆ ಚೀಟಿ ಎಲ್ಲ ಆ ಗುರುತಿನಲ್ಲೇ, ಈಗ ಭಾವನ ಫೋನಿನಲ್ಲಿ. ವಿಳಾಸ ಸಮೇತ. "ಬ್ಯಾಗೂ ತಗೋಬೇಡ. ಈಗಲೇ ಹೊರಡು" ಎಂದೆ.

ಮನೆಗೆ ಓಡಿದೆ. ನನ್ನ ಮುಖ ನೋಡಿದ್ದೇ ಅಮ್ಮ ತಲೆ ತಗ್ಗಿಸಿದಳು. "ಒತ್ತಿಬಿಟ್ಟೆ ಕಣೇ. ಒತ್ತಿದ್ರೆ ಬದುಕಿದಾಳೆ ಅಂತಾದ್ರೂ ಆಗತ್ತಲ್ಲ ಅಂತ..."



ಗುರುವಾರ, 14. ಮಧ್ಯಾಹ್ನ 3

ಅಕ್ಕ ಸಿಕ್ಕಳು. ಎಲ್ಲಿ ಎಂದು ಇಲ್ಲಿಯೂ ಬರೆಯುವುದಿಲ್ಲ. ಅವಳು ಹೊರಟ ಎರಡು ಗಂಟೆಯೊಳಗೆ ಭಾವ ಆ ಮನೆಯ ಬೀಗ ಒಡೆದನಂತೆ.

ರದ್ದು ಮಾಡಿಸೋಣವೆಂದರೆ, ಗುರುತಿನ ಒಡೆಯರೇ ಕೇಳಬೇಕು. ಒಡೆಯ ಈಗ ಅವನು. ಮೂವರ ಪಟ್ಟಿಯಿಂದ ನನ್ನನ್ನೂ ಅಮ್ಮನನ್ನೂ ತೆಗೆದಾಗಿದೆ.

ಅಕ್ಕ ಎದುರಿಗೆ ಗೋಡೆಗೊರಗಿ ಕಿತ್ತಳೆ ಸುಲಿಯುತ್ತಿದ್ದಾಳೆ. ಎಷ್ಟು ಸಣ್ಣಗಾಗಿದ್ದಾಳೆ.

ಈಗಷ್ಟೇ ನನ್ನ ಫೋನಿಗೆ ಮೆಸೇಜ್. ಕಳಿಸಿದವರು: ಅಕ್ಕ. ಗುರುತು ಖಾತ್ರಿಯಾಗಿದೆ.

"ಪುಟ್ಟಿ, ಎಲ್ಲಿದೀಯ?"

ಅಕ್ಕ ಇಣುಕಿ ಓದಿದಳು. ಕೈಯಲ್ಲಿದ್ದ ಕಿತ್ತಳೆ ಕೆಳಗಿಟ್ಟಳು. ಆಮೇಲೆ — "ಇದು ನಾನಲ್ಲ ಅಂತ ತೋರಿಸೋಕೆ ನನ್ನ ಹತ್ರ ಏನಿದೆ, ಪುಟ್ಟಿ?"

ನಾನು ಮೆಸೇಜಿಗೆ ಉತ್ತರ ಬರೆಯದೆ ಫೋನನ್ನು ಸ್ವಿಚ್ ಆಫ್ ಮಾಡಿದೆ.