ಪ್ಲೇಟಿನ ಅಂಚಿಗೊಂದು ಬೆರಳು

ಹೊನ್ನಾವರ, ಜನವರಿ ೮, ೧೯೬೧. ಆದಿತ್ಯವಾರ

ಬೆಳಗಿನ ಎರಡು ಲಾಂಚಿಗೆ ಟಿಕೆಟ್ ಹರಿದುಕೊಟ್ಟು ಹನ್ನೊಂದಕ್ಕೆ ಮನೆಗೆ. ಗಂಜಿ, ಒಣ ಶೆಟ್ಲಿ ಮೀನಿನ ಚಟ್ನಿ. ಆಮೇಲೆ ಗ್ರಾಮೋಫೋನಿಗೆ ಚಾವಿ. ಆದಿತ್ಯವಾರದ ಪದ್ಧತಿ. ಇರುವುದು ಎರಡೇ ಪ್ಲೇಟು, ಎರಡೂ ನಾಟಕದವು. ರಾಜಕುಮಾರಿ ದಪ್ಪ ದನಿಯಲ್ಲಿ ಎಳೆದೆಳೆದು ಅಳುತ್ತಾಳೆ. ಹೆಣ್ಣು ವೇಷಕ್ಕೆ ಗಂಡಸರೇ ಅಲ್ಲವೇ, ನಮ್ಮ ಯಕ್ಷಗಾನ ಮೇಳದ ಹಾಗೆ. ಯಾರೋ ಪಾಪ, ಚಲೋ ಹಾಡಿದ್ದಾನೆ.

ನನ್ನ ಅಕ್ಕ ಗಂಗಕ್ಕ ಪಕ್ಕದಲ್ಲಿ ಕೂತು ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಲಾಂಚಿನ ಸೀಟಿ ಆಯಿತು. ತಲೆ ಎತ್ತಲಿಲ್ಲ. ಮೊದಲೆಲ್ಲ ಆ ಸೀಟಿ ಕೇಳಿಯೇ ನನ್ನ ಚಾ ಒಲೆಗೆ ಇಡುತ್ತಿದ್ದಳು…

ಜನವರಿ ೧೯

ಅಕ್ಕನ ಕಿವಿಯನ್ನು ಡಾಕ್ಟರಿಗೆ ತೋರಿಸಿದೆ. ವಯಸ್ಸಿನದು, ಮದ್ದಿಲ್ಲ ಎಂದರು. ಸೀಟಿಯಂಥ ಸಣ್ಣ ಕೀಚಲು ದನಿ ಮೊದಲು ಕೇಳದಾಗುತ್ತದಂತೆ. ದಪ್ಪ ದನಿ ಕೆಲವು ವರ್ಷ ಉಳಿಯಬಹುದು.

ದಾರಿಯಲ್ಲಿ ಕೇಳಿದಳು: "ಎಂತ ಹೇಳ್ದ್ರು ಡಾಕ್ಟ್ರು?" ಕೂಗಿ ಹೇಳಿದೆ. ಪೇಟೆಯವರೆಲ್ಲ ತಿರುಗಿ ನೋಡಿದರು.

"ಊರಿಗೆಲ್ಲ ಸಾರೂದು ಬ್ಯಾಡ ಮಾರಾಯ. ನಂಗೊಬ್ಳಿಗೆ ಹೇಳು."

ನಗು ಬಂತು ಇಬ್ಬರಿಗೂ. ಮನೆ ಮುಟ್ಟಿದ ಮೇಲೆ ಒಂದೇ ಮಾತು ಆಡಿದಳು. "ಬೊಮ್ಮಯ್ಯ ಬರೂವರೆಗೆ ಉಳೀಲಿ. ಅಂವನ ದನಿ ಒಂದು ಕೇಳ್ಬೇಕು." ಒಬ್ಬನೇ ಮಗ. ಹಡಗು ಹತ್ತಿ ಮೂರು ವರ್ಷ.

ಫೆಬ್ರವರಿ ೫. ಸಂಜೆ

ಬೊಮ್ಮಯ್ಯನ ಹಡಗಿನ ಜೊತೆಗಾರರು ಭಟ್ಕಳಕ್ಕೆ ರಜೆಯಲ್ಲಿ ಹೋಗುತ್ತ ಮನೆಗೆ ಬಂದಿದ್ದರು. ಕಂಬಳಿಯ ಮಡಿಕೆಯೊಳಗಿಂದ ಒಂದು ಪ್ಲೇಟು ತೆಗೆದರು. ಒಡೆದಿಲ್ಲ! ಜೊತೆಗೆ ಕಾಗದ. ಅಕ್ಕನ ಕಿವಿಯ ಹತ್ತಿರ ಕೂತು ಓದಿ ಹೇಳಿದೆ. ಅಕ್ಷರ ಕಲಿತದ್ದು ಬಂದರದ ಮೂಟೆಗಳ ಮೇಲಿನ ಗುರುತು ಓದಿ. ಹಾಗಾಗಿ ಓದುವುದೂ ಮೂಟೆ ಇಳಿಸಿದ ಹಾಗೇ, ಒಂದೊಂದಾಗಿ.

"ಮಾವಾ, ಹಡಗು ರಿಪೇರಿಗೆಂದು ಐರ್ಲೆಂಡ್ ದೇಶದಲ್ಲಿ ಒಂದು ತಿಂಗಳು ನಿಂತಿದ್ದೆವು. ಬಂದರಿನ ಹತ್ತಿರ ಒಂದು ಅಂಗಡಿಯಲ್ಲಿ ದಿನಾ ಸಂಜೆ ಕೊಳಲು ಊದುತ್ತಿದ್ದರು. ಮರದ್ದು. ನಮ್ಮ ಹಾಗೇ ಅಡ್ಡ ಹಿಡಿದು. ಅಜ್ಜಂದಿರ ಕಾಲದ ಕುಣಿತದ ಹಾಡುಗಳು, ಕೇಳಿ ಕೇಳಿ ಕಲಿತವು. ಬೇಸರ ಬಂದಾಗೆಲ್ಲ ಹೋಗಿ ಕೂರುತ್ತಿದ್ದೆ. ಅದೇ ಹಾಡಿನ ಪ್ಲೇಟು ಇದು. ಅವ್ವಿಗೆ ಕೇಳಿಸು."

ಹಾಕಿದೆ. ಹಿಮ್ಮೇಳ ಇಲ್ಲ, ಮದ್ದಳೆ ಇಲ್ಲ. ಒಬ್ಬನೇ. ಹೊಳೆಯ ಇಳಿತದ ನೀರಿನ ಹಾಗೆ ಮೆಲ್ಲಗೆ ಹೋಗುತ್ತಾನೆ. ಮೊದಲ ಸಾಲು ಎರಡು ಸಲ, ಮುಂದಿನದು ಎರಡು ಸಲ, ಮತ್ತೆ ಮೊದಲಿಗೆ. ತಿರುಗಿ ಬಂದಾಗೊಮ್ಮೆ ಒಂದು ಚೂರು ಬೇರೆ. ನಡುವೆ ಉಸಿರೆಳೆದದ್ದೂ ತಿಳಿಯುತ್ತದೆ.

ದೇವಿ ಅಡಿಗೆಮನೆ ಬಾಗಿಲಲ್ಲಿ ನಿಂತು, "ಇದಕ್ಕೆ ಕುಣೂದಾ? ಕುಣಿದ್ರೆ ಎಮ್ಮೆ ಎದ್ದಂಗೆ ಆತದೆ."

ಹೆಂಡತಿ ಹೇಳಿದ್ದು ಸರಿಯೇ. ಆ ದೇಶದವರ ಕುಣಿತವೇ ಹಾಗಿರಬೇಕು, ಚಳಿಗೆ ಕಾಲು ಏಳುವುದಿಲ್ಲವೋ ಏನೋ.

ಅಕ್ಕ ಗೆರಸೆ ಕೆಳಗಿಟ್ಟಿದ್ದಳು. "ಕೇಳ್ತದೆ ತಮ್ಮಾ. ಪೂರಾ ಕೇಳ್ತದೆ."

ಫೆಬ್ರವರಿ ೯

ಇವತ್ತೂ ಮೂರು ಸಲ. ಆದಿತ್ಯವಾರದ ಪದ್ಧತಿ ಮುರಿಯಿತು.

ಫೆಬ್ರವರಿ ೨೩

ಸೂಜಿ ಮುಗಿದವು. ನಿಂಬೆ ಗಿಡದ ಮುಳ್ಳು ಕತ್ತರಿಸಿ ಹಾಕಿದೆ. ದನಿ ಮೆತ್ತಗೆ, ಇನ್ನೂ ಚಲೋ! ಊದುವವ ಉಸಿರು ತೆಗೆಯುವ ಮೊದಲೇ ಅಕ್ಕನ ತೋರುಬೆರಳು ಏಳುತ್ತದೆ, "ತಡಿ, ಈಗ ಉಸಿರು ತಕಂತ" ಎನ್ನುವ ಹಾಗೆ. ಬಾವಿ ನೀರಿಗೆ ಬಂದ ನೆರೆಮನೆಯ ಸೋಮಿಗೂ ಹೇಳುತ್ತಿದ್ದಳು: "ನನ್ನ ಬೊಮ್ಮಯ್ಯ ಅಲ್ಲಿ ಕೂತು ಕೇಳಿದ್ದೇ ನಾನಿಲ್ಲಿ ಕೂತು ಕೇಳ್ತೆ."

ಮಾರ್ಚ್ ೧೨

ಬೊಮ್ಮಯ್ಯ ಮೇ ತಿಂಗಳಿಗೆ ಬರುತ್ತಾನಂತೆ! ಗ್ರಾಮೋಫೋನ್ ಪೆಟ್ಟಿಗೆ ಮಾತ್ರ ಮುದಿಯಾಗಿದೆ, ನಡುವೆಯೇ ನಿಲ್ಲುತ್ತದೆ. ಅವನು ಬರುವ ಹೊತ್ತಿಗೆ ಸರಿಮಾಡಿಸಿ ಇಡಬೇಕು. ನಾಳೆ ಕುಮಟೆಗೆ.

ಮಾರ್ಚ್ ೨೦

ಕುಮಟೆಯ ಕೃಷ್ಣಾನಂದ, ಗಡಿಯಾರ ರಿಪೇರಿಯವನು, ಹೊಸ ಸ್ಪ್ರಿಂಗ್ ಹಾಕಿಕೊಟ್ಟ. "ಹಳೇದು ಸತ್ತೇ ಹೋಗಿತ್ತು. ಅರ್ಧ ಜೀವದಲ್ಲಿ ತಿರುಗ್ತಿತ್ತು."

ತಂದು ಮೊದಲು ನಾಟಕದ ಪ್ಲೇಟು ಹಾಕಿದೆ. ರಾಜಕುಮಾರಿ ಹೆಣ್ಣು! ಎಳೆ ಹೆಣ್ಣಿನ ದನಿ. ಇಷ್ಟು ವರ್ಷ ಯಾವನೋ ಗಂಡಸೆಂದು ಮರುಗಿದೆನಲ್ಲ. ದೇವಿ ಸೆರಗು ಬಾಯಿಗೆ ಹಿಡಿದು ನಕ್ಕಳು.

ಆಮೇಲೆ ಕೊಳಲು. ಏನು ಓಟ! ಬಲೆಯಿಂದ ಕೊಡವಿದ ಮೀನಿನ ಹಾಗೆ ಸ್ವರಗಳು ಪಟಪಟ ಹಾರಿದವು. ನನ್ನ ಕಾಲಿನ ಹೆಬ್ಬೆರಳು ತಾನಾಗಿ ನೆಲ ಬಡಿಯಿತು. ಕುಣಿತದ ಹಾಡೇ ಹೌದು! ಇಷ್ಟು ದಿನ ನಾವು ಕೇಳಿದ್ದು ಅದರ ನಿದ್ದೆ. ಖುಷಿಯಲ್ಲಿ ಅಕ್ಕನ ಕಡೆ ತಿರುಗಿದೆ.

ಅಕ್ಕ ಕೈ ಮಡಿಲಲ್ಲಿಟ್ಟು ಕಾಯುತ್ತಿದ್ದಳು.

"ಸುರು ಮಾಡು ಮಾರಾಯ. ಎಂತಕ್ಕೆ ಸುಮ್ನೆ ಕೂತ್ಕಂಡೆ?"

ಮಾರ್ಚ್ ೨೭

ಏಳು ದಿನ ಬರೆಯಲಿಲ್ಲ. ಬರೆಯುವುದೇನು… ಓಟಕ್ಕೆ ದನಿಯೂ ಸಣ್ಣಗಾಗಿದೆ. ಅಕ್ಕನ ಕಿವಿಗೆ ನಿಲುಕದಷ್ಟು. ಮಗ ಕೇಳಿದ್ದನ್ನು ಅವಳ ಕೈಯಿಂದ ಕಸಿದವನು ನಾನೇ, ದುಡ್ಡು ಕೊಟ್ಟು. ಅವಳು ಮತ್ತೆ ಅಕ್ಕಿ ಆರಿಸುತ್ತಾಳೆ.

ಇವತ್ತು ಪುನಃ ಕುಮಟೆಗೆ ಹೋದೆ. ಹಳೆ ಸ್ಪ್ರಿಂಗ್ ಗುಜರಿಗೆ ಹೋಗಿದೆ. ಓಟ ತಗ್ಗಿಸುವ ಸ್ಕ್ರೂ ತುಕ್ಕು ಹಿಡಿದು ಅಲ್ಲಾಡುವುದಿಲ್ಲ.

"ಎಲ್ರೂ ಸರಿ ಮಾಡಿ ಹೇಳಿ ಬರ್ತಾರೆ. ನೀವು ಹಾಳು ಮಾಡಿಕೊಡು ಹೇಳಿ ಬಂದ್ರಲ್ಲ ಮಾರಾಯ್ರೇ!" ಕೃಷ್ಣಾನಂದ ನಕ್ಕ.

ಕಾರಣ ಹೇಳಿದೆ. ನಗು ನಿಲ್ಲಿಸಿದ. ಬಸ್ಸಿನವರೆಗೆ ಪೆಟ್ಟಿಗೆ ಅವನೇ ಹೊತ್ತು ತಂದ.

ಮಾರ್ಚ್ ೨೯

ಬೆಳಿಗ್ಗೆ ನಮ್ಮ ಖಲಾಸಿ ಈರ ಲಾಂಚನ್ನು ದಡಕ್ಕೆ ಕಟ್ಟುವುದನ್ನು ನೋಡುತ್ತಿದ್ದೆ. ದಿನಾ ನೋಡುವುದೇ. ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ, ಬಿಗಿಯದೆ, ಅಂಗೈಯಲ್ಲಿ ಜಾರಲು ಬಿಡುತ್ತಾನೆ. ಅಷ್ಟು ದೊಡ್ಡ ಲಾಂಚ್ ಮೆಲ್ಲ ಮೆಲ್ಲ…

ಟಿಕೆಟ್ ಕಿಂಡಿ ಮುಚ್ಚಿ ಮನೆಗೆ ಓಡಿದೆ. ಪ್ಲೇಟು ಹಾಕಿ ಅಂಚಿಗೆ ಬೆರಳು ತಾಗಿಸಿದೆ. ಮೊದಲ ಸಲ ಕೊಳಲು ಕಳ್ಳು ಕುಡಿದವನಂತೆ ತೂರಾಡಿತು. ಎರಡನೇ ಸಲ ನಿಂತೇ ಹೋಯಿತು. ನಾಲ್ಕನೆಯದಕ್ಕೆ ಹದ ಸಿಕ್ಕಿತು. ಹಳೆಯ ನಡೆ, ಹಳೆಯ ದಪ್ಪ ದನಿ.

ಅಕ್ಕ ಗೆರಸೆಯಿಂದ ತಲೆ ಎತ್ತಿದಳು. "ಬಂದ. ಎಲ್ಲಿ ಹೋಗಿದ್ದ ಇಂವ?"

ದೇವಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು. ಹೊಗೆಯಂತೆ.

ಏಪ್ರಿಲ್ ೧೬

ಬೆರಳ ತುದಿ ದಡ್ಡುಗಟ್ಟಿದೆ. ಪ್ಲೇಟಿಗೆ ಬೆನ್ನು ಅಡ್ಡ ಮಾಡಿ ಕೂರುತ್ತೇನೆ, ಅಕ್ಕನಿಗೆ ಕಾಣದ ಹಾಗೆ. ಒಂದೇ ಭಯ. ಬೊಮ್ಮಯ್ಯ ಬಂದು ಕೇಳಿ "ಇದು ಹೀಗಲ್ಲ" ಅಂದರೆ? ತಾನೂ ಮಗನೂ ಒಂದೇ ಕೇಳಿದೆವೆಂದು ನಂಬಿ ಕೂತವಳು. ಕಾಗದದಲ್ಲಿ ಬರೆಯಲೇ ಎಂದು ಮೂರು ಸಲ ಕೂತೆ. ಹೇಗೆ ಬರೆಯುವುದು?

ಮೇ ೭. ಆದಿತ್ಯವಾರ, ಸಂಜೆ

ಬೊಮ್ಮಯ್ಯ ಬಂದ. ಎಂಜಿನ್ ಗದ್ದಲದಲ್ಲಿ ಕೂಗಿ ಕೂಗಿ ದನಿ ದಪ್ಪಗಾಗಿದೆ. ಒಳ್ಳೆಯದೇ ಆಯಿತು. ಬಾಗಿಲಲ್ಲೇ "ಅವ್ವೀ!" ಎಂದ. ಅಕ್ಕ ತಿರುಗಿದಳು. ಒಂದೇ ಕೂಗಿಗೆ. ಇಷ್ಟೇ ಸಾಕಿತ್ತು ನನಗೆ.

ಊಟ ಆಯಿತು, ಎಲೆ ಅಡಿಕೆ ಆಯಿತು. "ಪ್ಲೇಟು ಹಾಕು ತಮ್ಮಾ" ಎಂದಳು ಅಕ್ಕ. ಹಾಕಿದೆ. ಬೆರಳಿಟ್ಟೆ.

ಬೊಮ್ಮಯ್ಯನ ಹುಬ್ಬು ಗಂಟಾಯಿತು. "ಮಾವಾ, ಇದು—" ಎಂದ. ಆಗ ನನ್ನ ಬೆರಳು ಕಂಡಿತು ಅವನಿಗೆ. ಆ ಕಡೆ ಅವ್ವಿಯ ಬೆರಳೂ ಕಂಡಿತು, ಸರಿಯಾಗಿ ಊದುವವನ ಉಸಿರಿಗೆ ಮುಂಚೆ ಎದ್ದದ್ದು. ಬಾಯಿ ಮುಚ್ಚಿದ. ಎದ್ದು ನಿಂತ. ಆ ದೇಶದವರ ಹಾಗೆ ಕೈ ಪಕ್ಕಕ್ಕೆ ಬಿಟ್ಟು ಕುಣಿಯತೊಡಗಿದ. ನಮ್ಮ ಓಟಕ್ಕೇ. ಒಂದು ಕಾಲು ಎತ್ತಿದ… ಎತ್ತಿದ… ಇಳಿಸಿದ.

"ನಾ ಹೇಳಿದ್ನಾ ಇಲ್ವಾ? ಎಮ್ಮೆ!" ದೇವಿ ಕಿರುಚಿದಳು.

ಅಕ್ಕ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು. ಆಮೇಲೆ ಮೆಲ್ಲಗೆ ನನ್ನ ಬೆನ್ನು ಮುಟ್ಟಿದಳು.

"ದುರ್ಗಾ, ಆ ಬೆರಳು ತೆಗೆಯಾ. ಎಷ್ಟು ದಿನ ಇಟ್ಕಂಬೆ? ಅಂವ ಸಮಾ ಕುಣೀಲಿ. ನಾ ನೋಡ್ತೆ."

ಎಂದಿನಿಂದ ಗೊತ್ತಿತ್ತು ಇವಳಿಗೆ?

ತೆಗೆದೆ. ಪ್ಲೇಟು ಹಾರಿಕೊಂಡು ಹೋಯಿತು. ಬೊಮ್ಮಯ್ಯನ ಕಾಲು… ಅಕ್ಕನ ಕಣ್ಣು ಅವನ ಕಾಲಿನಲ್ಲೇ, ಕೈ ತೊಡೆಯ ಮೇಲೆ ತಾಳ… ಅಗೋ, ಅಕ್ಕ ಕರೆಯುತ್ತಿದ್ದಾಳೆ, ಚಾವಿ ಮುಗಿಯಿತಂತೆ, ಇನ್ನೂ ಒಂದು ಸಲ ಅಂತೆ—