ನಲವತ್ತರ ಊಟಕ್ಕೆ ಬಂದವನು

ನವೆಂಬರ್ 28, 2024, ಗುರುವಾರ

ಗಾದಿ ಎರಡು, ಲೋಡು ನಾಲ್ಕು. ಮುಶಿಗೇರಿಯ ಮದುವೆ ಮನೆಯದು. ಶನಿವಾರಕ್ಕೇ ಬೇಕಂತೆ. ದಬ್ಬಣ ಹಿಡಿದು ಹಿಡಿದು ಹೆಬ್ಬೆರಳು ಬಾತಿದೆ. ಅಪ್ಪ ಇದ್ದಾಗ ಹೊಲಿಗೆ ಅವನದು, ಅರಳೆ ಹಿಂಜುವುದು ನನ್ನದು. ಈಗ ಎರಡೂ ನನ್ನದೇ. ಅವನು ಹೋಗಿ ಇವತ್ತಿಗೆ ಹದಿನೇಳು ದಿನ.

ಮಧ್ಯಾಹ್ನ ಮಷೀನ್ ಬಂದ್ ಮಾಡುವ ಹೊತ್ತಿಗೆ ಫೋನ್. ದಾವಲಸಾಬ ನದಾಫ ಅವರು ಇದ್ದಾರಾ ಅಂತ. ತೀರಿಕೊಂಡರು ಎಂದೆ. ಗೊತ್ತೈತ್ರಿ ಎಂದ. ಗೊತ್ತಿದ್ದೂ ಕೇಳುತ್ತಾನೆ, ಅವನ ಬಾಯಿಗೆ ಮಣ್ಣು ಹಾಕ!

ಹೆಸರು ಅನಿಲಕುಮಾರ. ನರಗುಂದದಲ್ಲಿ ಆಫೀಸು. ವಸೂಲಿ ಕೆಲಸ. 2006ರಲ್ಲಿ ಅಪ್ಪ ಇದೇ ಹಿಂಜುವ ಮಷೀನಿಗೆ ರೋಣದ ಒಂದು ಫೈನಾನ್ಸಿನಲ್ಲಿ ಸಾಲ ಮಾಡಿದ್ದನಂತೆ. ಆ ಫೈನಾನ್ಸ್ ಮುಚ್ಚಿ ಎಷ್ಟೋ ವರ್ಷ ಆಯಿತು. ಅದರ ಹಳೆಯ ಬಾಕಿಗಳನ್ನೆಲ್ಲ ಇವನ ಕಂಪನಿ ಕೊಂಡುಕೊಂಡಿದೆ. ಬಡ್ಡಿ, ಚಕ್ರಬಡ್ಡಿ ಸೇರಿ ಮೂರು ಲಕ್ಷದ ಹನ್ನೆರಡು ಸಾವಿರ.

ನಕ್ಕುಬಿಟ್ಟೆ. ಹದಿನೆಂಟು ವರ್ಷ ಎಲ್ಲಿ ಮಲಗಿದ್ದಿರಿ ಅಂತ ಕೇಳಿದೆ. ಆಗ ಅವನು ಮೆಲ್ಲಗೆ ಹೇಳಿದ — "ಅಕ್ಕಾರ, ಮಣ್ಣಿನ ದಿನ ನಿಮ್ಮ ಮಾಮಾರು ನಿಂತು ಹೇಳಿದ್ದನ್ನ ನಮ್ಮ ಮನಿಷ್ಯಾ ಕೇಳ್ಯಾನ್ರಿ."

ನಗು ನಿಂತಿತು. ನಮ್ಮಲ್ಲಿ ಮಣ್ಣಿನ ದಿನ ನಮಾಜಿಗೆ ಮುಂಚೆ ಮಯ್ಯತ್, ಅಂದರೆ ಹೆಣ, ಮುಂದಿಟ್ಟುಕೊಂಡು ಮನೆಯವರು ಒಬ್ಬರು ಹೇಳಲೇಬೇಕು. ಇವನ ಮೇಲೆ ಯಾರದಾದರೂ ಸಾಲ ಇದ್ದರೆ ಹೇಳಿ, ನಾವು ಕೊಡುತ್ತೇವೆ, ಇಲ್ಲವೇ ಮಾಫ್ ಮಾಡಿ ಅಂತ. ನಮ್ಮನೆಯಲ್ಲಿ ಬೇರೆ ಗಂಡಸರಿಲ್ಲ. ಅಬ್ಬಿಗೇರಿಯ ರಾಜೇಸಾಬ ಮಾಮಾನೇ ಹೇಳಿದ್ದು. ಅಂಥ ಮಾತನ್ನೂ ಕದ್ದು ಕೇಳುವವರಿದ್ದಾರೆ.

ನವೆಂಬರ್ 29

ಅವ್ವನಿಗೆ ಹೇಳಬಾರದು ಅಂದುಕೊಂಡಿದ್ದೆ. ಬಾಯಿ ತಡೆಯಲಿಲ್ಲ.

ಖರೇ ಅಂತೆ. ನಲವತ್ತೆಂಟು ಸಾವಿರ ತಂದಿದ್ದ. ಮೂರು ವರ್ಷ ಕಂತು ಕಟ್ಟಿದ. ಒಮ್ಮೆ ಕಟ್ಟಲು ಹೋದಾಗ ಆಫೀಸಿಗೆ ಬೀಗ. ಮತ್ತೆ ಎರಡು ಸಲ ರೋಣಕ್ಕೆ ಬಸ್ ಚಾರ್ಜ್ ಹಾಕಿಕೊಂಡು ಹೋಗಿ ಬಂದ. ಬೀಗವೇ. ಹತ್ತೊಂಬತ್ತು ಸಾವಿರ ಅಸಲು ಉಳಿದಿತ್ತು. ಅದಕ್ಕೆಂದು ಕೂಡಿಟ್ಟ ದುಡ್ಡು ಆಮೇಲೆ ನನ್ನ ಮದುವೆಗೆ ಹೋಯಿತು. ಮದುವೆಯೂ ಹೋಯಿತು, ನಾನು ತಿರುಗಿ ಬಂದು ಎಂಟು ವರ್ಷ… ಇರಲಿ.

"ಅದು ಆತನ ಕೊಳ್ಳಾಗ ಕುಂತೈತಿ ರೇಷ್ಮಾ. ಸಾಲ ತೀರೂತನಕ ಆತನ ರೂಹ್ ಮ್ಯಾಲೆ ಹೋಗಂಗಿಲ್ಲ," ಎಂದಳು. ಅಪ್ಪನ ಆತ್ಮಕ್ಕೆ ಬಿಡುಗಡೆ ಇಲ್ಲ ಅಂತ. ಆಮೇಲೆ ರೊಟ್ಟಿ ಮುಟ್ಟಲಿಲ್ಲ.

ಡಿಸೆಂಬರ್ 2, ಸೋಮವಾರ

ರೋಣಕ್ಕೆ ಹೋಗಿ ಬಂದೆ. ಕೋರ್ಟಿನ ಎದುರಿಗೇ ಯಶೋಧರಾ ವಕೀಲರ ಆಫೀಸು. ಸಾಲಿಯಲ್ಲಿ ನನಗಿಂತ ಎರಡು ವರ್ಷ ಮುಂದೆ ಇದ್ದವರು. ಫೀ ತೆಗೆದುಕೊಳ್ಳಲಿಲ್ಲ, ಚಾ ಕುಡಿಸಿದರು.

ಮೂರು ವರ್ಷ ದಾಟಿದ ಸಾಲಕ್ಕೆ ಕೋರ್ಟಿನಲ್ಲಿ ಜೀವ ಇಲ್ಲವಂತೆ. ಬಾಯಲ್ಲಿ ಕೊಡ್ತೀವಿ ಅಂದದ್ದೂ ನಡೆಯುವುದಿಲ್ಲವಂತೆ. ಮಾಮಾ ಹೇಳಿದ್ದಕ್ಕೆ ಹೆದರಬೇಕಾಗಿಲ್ಲ. ಆದರೆ ಬರೆದು ಸಹಿ ಮಾಡಿಕೊಟ್ಟರೆ ಹೊಸ ಸಾಲ ಆದಂತೆಯೇ.

"ನೋಡವಾ, ಅವ್ರು ಬರೂದೇ ಆ ಒಂದು ಸಹಿ ಸಲುವಾಗಿ. ನಿಮ್ಮವ್ವನ ಹೆಬ್ಬೆಟ್ಟು ಮಾತ್ರ ಯಾವ ಕಾಗದಕ್ಕೂ ಬೀಳಬಾರದು. ಅಂಗಡಿ ಆಕಿ ಹೆಸರಿಲೆ ಐತಿ."

ಅಂಗಡಿ ಅಂದರೆ ಹತ್ತು ಅಡಿ, ಹನ್ನೆರಡು ಅಡಿ. ಗಜೇಂದ್ರಗಡದ ಸಂದಿಯಲ್ಲಿ ಒಂದು ಶಟರ್. ಅಪ್ಪ 2011ರಲ್ಲಿ ಅವ್ವನ ಹೆಸರಿಗೆ ಮಾಡಿಸಿದ್ದು. ಅದು ಹೋದರೆ ನಾವಿಬ್ಬರೂ ಬೀದಿಗೆ.

ಬರುವಾಗ ಬಸ್ಸಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ಎಷ್ಟು ದಿನ ಆಗಿತ್ತು.

ಡಿಸೆಂಬರ್ 6, ಸಂಜೆ

ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಫೈಲು. ದನಿ ಏರಿಸುವುದೇ ಇಲ್ಲ. ಅಕ್ಕಾರ, ಅಕ್ಕಾರ ಅಂತ ಬೆಣ್ಣೆ ಹಚ್ಚುತ್ತಾನೆ. ಸಾಲದ ಮೂಲ ಕಾಗದ ತೋರಿಸು ಎಂದೆ. ಇಲ್ಲ. ಬರೀ ಒಂದು ಪಟ್ಟಿ. ಅದರಲ್ಲಿ ಅಪ್ಪನ ಹೆಸರು, ಊರು, ಮೊತ್ತ. ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ ಅಕ್ಕಾರ ಅಂತ ನನಗೇ ಗಾದೆ ಹೇಳಿದ. ಮೈ ಉರಿಯಿತು. ಉಪ್ಪು ತಿಂದವ ಮಣ್ಣಾಗಿದ್ದಾನೆ, ಹೋಗಿ ಅಲ್ಲೇ ಕೇಳು ಎಂದೆ. ದಬ್ಬಣ ಕೈಯಲ್ಲೇ ಇತ್ತು. ಎರಡು ಹೆಜ್ಜೆ ಹಿಂದೆ ಸರಿದ.

ಎದುರಿನ ಪಾತ್ರೆ ಬಾಂಡೆ ಅಂಗಡಿಯವರು ನೋಡಿ ನಕ್ಕರು. ಗೆದ್ದೆ ಅನಿಸಿತು.

ಡಿಸೆಂಬರ್ 10, ಮಂಗಳವಾರ

ಗೆದ್ದದ್ದು ಏನೂ ಇಲ್ಲ. ನಾನು ಅಂಗಡಿಯಲ್ಲಿದ್ದಾಗ ಮನೆಗೆ ಹೋಗಿದ್ದಾನೆ.

ಅವ್ವ ಇದ್ದತ್ತಿನಲ್ಲಿದ್ದಾಳೆ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೊರಗೆ ಕಾಲಿಡುವಂತಿಲ್ಲ, ಪರ ಗಂಡಸರಿಗೆ ಮುಖ ತೋರಿಸುವಂತಿಲ್ಲ. ಬಾಗಿಲಿಗೆ ಪರದೆ ಕಟ್ಟಿದ್ದೇವೆ. ಅವನು ಕಟ್ಟೆಯ ಮೇಲೆ ಕೂತು ಪರದೆಗೆ ಮಾತಾಡಿದ್ದಾನೆ. ಅರ್ಧ ತಾಸು! ಎದ್ದು ಹೋಗು ಅನ್ನಲೂ ಅವಳು ಹೊರಗೆ ಬರುವಂತಿಲ್ಲ. ಕಿವಿ ಮುಚ್ಚಿಕೊಂಡರೂ ಎಷ್ಟು ಹೊತ್ತು?

ಬೈಯಲಿಲ್ಲವಂತೆ. ಅದೇ ನನಗೆ ಹೆಚ್ಚು ಹೆದರಿಕೆ. "ಭಾಳ ಚಲೋ ಮನಿಷ್ಯಾ," ಎನ್ನುತ್ತಾಳೆ ಅವ್ವ. ಅಪ್ಪನ ಗುಣ ಹೊಗಳಿದನಂತೆ. ಅಂಥ ದೊಡ್ಡ ಮನುಷ್ಯನ ಹೆಸರು ಬಾಕಿಯವರ ಪಟ್ಟಿಯಲ್ಲಿ ನೋಡಿದರೆ ನನಗೇ ಕೆಡುಕೆನಿಸುತ್ತದೆ ಅಂದನಂತೆ.

ಮಗ್ಗುಲ ಮನೆಯ ಗ್ಯಾನಪ್ಪ ಕಾಕಾನಿಗೆ ಹೇಳಿದೆ, ಅವ ಮತ್ತೆ ಬಂದರೆ ಓಡಿಸಿರಿ ಅಂತ. ಹೂಂ ಎಂದರು. ಎಂಬತ್ತು ವರ್ಷ ಅವರಿಗೆ. ಏನು ಓಡಿಸುತ್ತಾರೆ, ಪಾಪ.

ಡಿಸೆಂಬರ್ 19

ಒಂಬತ್ತು ದಿನ ಬರೆದಿಲ್ಲ. ಅವನು ಮನೆಗೆ ಐದು ಸಲ ಬಂದ. ಪೊಲೀಸರಿಗೆ ಹೇಳಿದೆ. ಬೈದನಾ? ಇಲ್ಲ. ಕೈ ಮಾಡಿದನಾ? ಇಲ್ಲ. ಕಟ್ಟೆಯ ಮೇಲೆ ಕೂತು ನಿಮ್ಮ ಅಪ್ಪನನ್ನು ಹೊಗಳಿದನಾ? ಹೌದು. ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು.

ಅವ್ವ ಒಣಗಿದ್ದಾಳೆ. ದಿನಾ ಅದೇ ಕನಸಂತೆ. ಅಪ್ಪ ಬೀಗ ಹಾಕಿದ ಬಾಗಿಲ ಮುಂದೆ ರೊಕ್ಕ ಹಿಡಿದುಕೊಂಡು ನಿಂತಿರುವುದು. ಇವತ್ತು ಜಗಳವೇ ಆಯಿತು. ಅಸಲು ಕೊಟ್ಟುಬಿಡೋಣ, ಬಡ್ಡಿ ಕೊಡುವುದು ಪಾಪ, ಅಸಲಷ್ಟು ಕೊಟ್ಟು ಬಿಡುಗಡೆ ಮಾಡೋಣ ಅಂತಾಳೆ. ಅಸಲನ್ನು ಅವನು ಮೂಸಿಯೂ ನೋಡುವುದಿಲ್ಲ, ಕೇಳಿ ನೋಡಿದ್ದೇನೆ. ಅವನಿಗೆ ಬೇಕಾದ್ದು ನಿನ್ನ ಹೆಬ್ಬೆಟ್ಟು ಎಂದೆ. ಹೆಬ್ಬೆಟ್ಟು ಬಿದ್ದರೆ ಅಂಗಡಿ ಹೋಗುತ್ತದೆ ಎಂದೆ.

"ಅಂಗಡಿ ಮಾಡಿದಾಂವನೇ ನಡುದಾರ್ಯಾಗ ನಿಂತಾನ. ಅಂಗಡಿ ತಗೊಂಡು ಏನ್ ಮಾಡೂದೈತಿ?"

ಕೂಗಾಡಿದೆ. ನನ್ನ ಹೊಟ್ಟೆಯ ಚಿಂತೆ ಯಾರಿಗೂ ಇಲ್ಲ ಅಂತ ಅಂದುಬಿಟ್ಟೆ. ಅನ್ನಬಾರದಿತ್ತು. ನಾಲಿಗೆಗೆ ಎಲುಬಿಲ್ಲ.

ನಾಡಿದ್ದು ಅಪ್ಪನ ನಲವತ್ತನೆಯ ದಿನದ ಊಟ. ಮಾಮಾ ನಾಳೆ ಬರುತ್ತಾನೆ. ಗೋದಿ ಹುಗ್ಗಿಗೆ ಬೆಲ್ಲ ತರಬೇಕು, ಹನ್ನೆರಡು ಕಿಲೋ.

ಡಿಸೆಂಬರ್ 21, ಶನಿವಾರ

ಇವತ್ತು ಬರೆಯಲಾರೆ.

ಡಿಸೆಂಬರ್ 23

ಬರೆದೇ ತೀರುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ಬೇರೆ ಥರ ನೆನಪು ಮಾಡಿಕೊಳ್ಳುತ್ತೇನೆ.

ಶನಿವಾರ ಅಪ್ಪನ ಹೆಸರಿನ ಫಾತೇಹಾ ಓದಿ ಮುಗಿಯಿತು. ಅಂಗಳದಲ್ಲಿ ಗಂಡಸರ ಮೊದಲ ಪಂಕ್ತಿ, ಮೂವತ್ತು ಜನ. ಓಣಿಯ ಎಲ್ಲ ಜಾತಿಯವರೂ ಇದ್ದರು, ಯಾವಗಲ್ ಊರಿನಿಂದ ಅಪ್ಪನ ಹಳೆಯ ಗಿರಾಕಿಗಳೂ ಬಂದಿದ್ದರು. ಹುಗ್ಗಿಯ ಬಕೀಟು ಹಿಡಿದು ಹೊರಗೆ ಬಂದೆ. ಮೂರನೆಯವನಾಗಿ ಅವನು ಕೂತಿದ್ದಾನೆ. ಕೈ ತೊಳೆದುಕೊಂಡು.

ಊಟಕ್ಕೆ ಬಂದವನನ್ನು ಏಳಿಸುವುದು ನಮ್ಮಲ್ಲಿಲ್ಲ, ಅದೂ ಸತ್ತವರ ಹೆಸರಿನ ಊಟದಲ್ಲಿ. ಅವನಿಗೆ ಅದು ಗೊತ್ತು. ಬಡಿಸಿದೆ. ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ. ಎಲ್ಲರೂ ಬಿಸ್ಮಿಲ್ಲಾ ಅಂದು ಕೈ ಹಾಕಬೇಕು, ಇವನು ಕೈ ಕಟ್ಟಿ ಕೂತ. ಹಿರಿಯರು ಅಂತ ಗ್ಯಾನಪ್ಪ ಕಾಕಾ ಕೇಳಿದರು, ಯಾಕೆ ತಮ್ಮಾ, ಉಣ್ಣು ಅಂತ.

"ಹ್ಯಾಂಗ ಉಣ್ಣಲ್ರಿ ಕಾಕಾ. ಕೊಡೂದು ಇಟಗೊಂಡು ಹ್ವಾದವ್ರ ಮನಿ ಅನ್ನ. ಉಂಡ್ರ ನನಗೂ ಭಾರ, ಅವ್ರಿಗೂ ಭಾರ."

ಮೆಲ್ಲಗೇ ಅಂದ. ಆದರೂ ಎಲ್ಲರಿಗೂ ಕೇಳಿಸಿತು. ಒಬ್ಬ ಉಣ್ಣದೆ ಕೂತರೆ ಪಂಕ್ತಿಯಲ್ಲಿ ಯಾರೂ ಉಣ್ಣುವುದಿಲ್ಲ. ಎತ್ತಿದ ತುತ್ತುಗಳು ತಟ್ಟೆಗೆ ಇಳಿದವು. ಮಾಮಾ ನೆಲ ನೋಡುತ್ತ ನಿಂತ. ಮಣ್ಣಿನ ದಿನ ಎದೆ ತಟ್ಟಿ ಹೇಳಿದವನು ಅವನೇ. ಹುಗ್ಗಿ ಆರುತ್ತಿತ್ತು. ಅಪ್ಪನ ಹೆಸರಿನ ಊಟವನ್ನು ಮೂವತ್ತು ಜನ ಮುಂದಿಟ್ಟುಕೊಂಡು ಕೂತಿದ್ದರು, ಯಾರೂ ಉಣ್ಣಲೊಲ್ಲರು.

ಪರದೆಯ ಸಂದಿಯಿಂದ ಅವ್ವನ ಕೈ ಹೊರಗೆ ಬಂತು. ಬರೀ ಕೈ. ಬಳೆ ಇಲ್ಲದ್ದು.

"ಇಲ್ಲೆ ಕೊಡ್ರಿ. ಎಲ್ಲಿ ಒತ್ತಬೇಕು ತೋರಸ್ರಿ."

ಅವನ ಬಳಿ ಕಾಗದ ತಯಾರು. ಶಾಯಿಯ ಡಬ್ಬಿ ಕೂಡ ಕಿಸೆಯಲ್ಲಿತ್ತು. ಎದ್ದ. ಬಕೀಟು ಕೆಳಗಿಟ್ಟು ನಾನು ನಡುವೆ ನಿಂತೆ. ಕಾಗದ ಕಸಿದುಕೊಂಡು ಓದಿದೆ. ಪೂರ್ತಿ ಓದಿದೆ. ಗೊತ್ತಿಲ್ಲದೆ ಮಾಡಿದೆ ಅನ್ನಲು ನನಗೆ ಜಾಗವಿಲ್ಲ. ಯಶೋಧರಾ ಹೇಳಿದ್ದೆಲ್ಲ ಕಿವಿಯಲ್ಲಿತ್ತು. ಹಿಂದೆ ಪರದೆಯಲ್ಲಿ ಅವ್ವನ ಕೈ ಇನ್ನೂ ಚಾಚಿಕೊಂಡೇ ಇತ್ತು.

ಅವ್ವನ ಹೆಸರು ರಹಿಮತಬಿ ಅಂತ ಅಚ್ಚಾಗಿದ್ದ ಕಡೆ ಕಾಟು ಹೊಡೆದೆ. ರೇಷ್ಮಾ ಅಂತ ಬರೆದೆ. ಸಹಿ ಮಾಡಿದೆ.

ಅವನು ಕಾಗದ ತಿರುಗಿಸಿ ನನ್ನ ಸಹಿ ನೋಡಿದ. ಆಮೇಲೆ, "ನಡೀತೈತಿ ಬಿಡ್ರಿ ಅಕ್ಕಾರ. ದುಡಿಯೂ ಕೈ ನಿಮ್ಮದ ಐತೆಲ್ಲ," ಎಂದ. ಕಾಗದ ಮಡಿಚಿ ಕಿಸೆಗೆ ಹಾಕಿಕೊಂಡು ಕೂತು ಉಂಡ. ಪಂಕ್ತಿಯೂ ಉಂಡಿತು. ಎರಡನೆಯ ಸಲ ಹುಗ್ಗಿ ಕೇಳಿದ. ನಾನೇ ಬಡಿಸಿದೆ.

ಅವತ್ತು ಅವ್ವ ಎರಡು ರೊಟ್ಟಿ ತಿಂದಳು.

ಜನವರಿ 3, 2025, ಶುಕ್ರವಾರ

ಯಶೋಧರಾ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಬೈದರು. ಕಾಲೇಜು ಮೆಟ್ಟಿಲು ಹತ್ತಿದವಳು ನೀನು, ಹೆಬ್ಬೆಟ್ಟಿನ ಅವ್ವನಿಗಿಂತ ಕಡೆ ಆದೆಯಲ್ಲ ಅಂತ. ಅಂಗಡಿ ಉಳಿಯಿತಾ ಎಂದೆ. ಅಂಗಡಿಗೆ ಏನೂ ಆಗುವುದಿಲ್ಲ, ಸಾಲ ಈಗ ನಿನ್ನ ಮೇಲೆ ಎಂದರು. ಅಪ್ಪನದಲ್ಲ, ನಿನ್ನದೇ. ಕಾಗದದಲ್ಲಿ ಬರೆದಂತೆ ತಿಂಗಳಿಗೆ ಆರು ಸಾವಿರ, ಐವತ್ತೆರಡು ತಿಂಗಳು.

ಇನ್ನೂ ದಾರಿ ಇದೆಯಂತೆ. ಒತ್ತಾಯದಿಂದ ಸಹಿ ಮಾಡಿಸಿಕೊಂಡರು ಅಂತ ನೋಟಿಸು ಕಳಿಸೋಣ, ಗ್ಯಾನಪ್ಪನವರು ಸಾಕ್ಷಿ ಹೇಳಲಿ, ನಿಮ್ಮವ್ವನೂ ಹೇಳಲಿ ಎಂದರು. ಏನಂತ ಹೇಳಬೇಕು? ಆ ಸಾಲಕ್ಕೂ ನಮಗೂ ಸಂಬಂಧವಿಲ್ಲ, ನಾವು ಕೊಡುವುದಿಲ್ಲ ಅಂತ.

ಅವ್ವ ಹದಿಮೂರು ದಿನದಿಂದ ನಿದ್ದೆ ಮಾಡುತ್ತಿದ್ದಾಳೆ. ಕನಸಿನಲ್ಲಿ ಬಾಗಿಲು ತೆರೆದಿದೆಯಂತೆ.

ಬೇಡ್ರಿ ಅಕ್ಕಾ ಎಂದು ಎದ್ದು ಬಂದೆ. ಬಸ್ಸಿನಲ್ಲಿ ಅಳು ಬಂತು. ಸಿಟ್ಟೂ ಬಂತು, ಅಪ್ಪನ ಮೇಲೆ. ಬೀಗ ಇತ್ತು ಅಂತ ಬಿಟ್ಟು ಬಂದೆಯಲ್ಲ, ಆ ಮಾಲಕನ ಮನೆ ಹುಡುಕಿಕೊಂಡು ಹೋಗಬೇಕಾಗಿತ್ತು ನೀನು.

ಜನವರಿ 6, ಸೋಮವಾರ

ಅನಿಲಕುಮಾರ ಬೆಳಿಗ್ಗೆ ಅಂಗಡಿಗೇ ಬಂದ. ಮನೆಗೆ ಹೋಗುವುದಿಲ್ಲ ಈಗ, ಅಲ್ಲಿ ಕೆಲಸ ಮುಗಿದಿದೆಯಲ್ಲ. ಲೋಡಿನ ದುಡ್ಡು, ಹಾಸಿಗೆ ದುಡ್ಡು ಎಲ್ಲ ಕೂಡಿಸಿ ಆರು ಸಾವಿರ ಎಣಿಸಿ ಕೊಟ್ಟೆ. ರಸೀದಿ ಹರಿದು ಕೊಟ್ಟ.

ಮಧ್ಯಾಹ್ನ ಉಣ್ಣಲು ಹೋದಾಗ ರಸೀದಿಯನ್ನು ಅವ್ವನ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇದೆಲ್ಲ ಅಸಲೇ ಏನು ಅಂತ ಕೇಳಿದಳು. ಅಸಲೇ ಎಂದೆ. ಬಡ್ಡಿ ಇಲ್ಲಲ್ಲ? ಇಲ್ಲ ಎಂದೆ. ಪಾಪ ಇದ್ದರೆ ನನಗೇ ಇರಲಿ.

"ಆತನ ಹೆಸರು ಎಲ್ಲೈತಿ? ಬೊಟ್ಟಿಟ್ಟು ತೋರಸು."

ರಸೀದಿಯಲ್ಲಿ ಅಪ್ಪನ ಹೆಸರು ಎಲ್ಲಿಯೂ ಇಲ್ಲ. ಇರುವುದು ನನ್ನದೊಂದೇ. ಅದರ ಮೇಲೆ ಬೊಟ್ಟಿಟ್ಟೆ.

"ಓದು."

ದಾವಲಸಾಬ ಮಕ್ತುಮಸಾಬ ನದಾಫ ಎಂದು ಓದಿದೆ.

ಅವ್ವ ಬೊಟ್ಟು ಇದ್ದ ಜಾಗಕ್ಕೆ ಮುತ್ತು ಕೊಟ್ಟಳು. ಕಣ್ಣಿಗೆ ಒತ್ತಿಕೊಂಡಳು. ಅಪ್ಪ ಸತ್ತ ಮೇಲೆ ಅವಳ ಮುಖ ಹಾಗೆ ಬಿಚ್ಚಿಕೊಂಡದ್ದು ಇದೇ ಮೊದಲು.

ಇನ್ನು ಐವತ್ತೊಂದು ಸಲ ಓದಬೇಕು. ಓದುತ್ತೇನೆ, ಅದಕ್ಕೇನು… ಈಗ ಮತ್ತೆ ಒಳಗಿನಿಂದ ಕರೆಯುತ್ತಿದ್ದಾಳೆ. ಮಾಮಾನಿಗೆ ಫೋನ್ ಹಚ್ಚಿದ್ದಾಳಂತೆ, ಅವನಿಗೂ ಕೇಳಿಸಬೇಕಂತೆ, ಗಟ್ಟಿಯಾಗಿ ಓದು ಅಂತ —